ಬೂದಿಕೋಟೆಯ ಅನಾಥ ಬಾಲಕ

ನಿಮ್ಮಲ್ಲಿ ಕೆಲವರು ಮಾರಿಕುಪ್ಪಂನಿಂದಲೋ ಬಂಗಾರಪೇಟೆಯಿಂದಲೋ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರಿರಬಹುದು. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಆ ರೈಲೇ ಅನೇಕ ಮನೆಗಳಿಗೆ ಅನ್ನದ ದಾರಿಯಾಯಿತು. ಅದಕ್ಕೂ ಮೊದಲು ನೂರ ಇಪ್ಪತ್ತು ವರ್ಷಗಳ ಕಾಲ ಅನ್ನದ ದಾರಿ ನೆಲದ ಒಳಗಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಒತ್ತಡ ತಾಳಲಾರದೆ ಬಂಡೆ ಒಮ್ಮೆಲೇ ಸಿಡಿಯುತ್ತಿತ್ತು. ಕೆಳಗಿದ್ದವನಿಗೆ ಬಂಡೆಯ ಭಯ, ಮೇಲೆ ಮನೆಯಲ್ಲಿದ್ದವಳಿಗೆ ನೆಲ ನಡುಗಿದಾಗಲೆಲ್ಲ ಗಂಡನ ಭಯ. ಆದರೂ ಮರುದಿನ ಪಾಳಿಗೆ ಜನ ಇಳಿದರು. ಒಬ್ಬೊಬ್ಬರಾಗಿ ಅಲ್ಲ, ತಂಡವಾಗಿ ಇಳಿದರು. ಭಯವಿಲ್ಲದವರೆಂದು ನಾವು ಅವರನ್ನು ಹೊಗಳುವುದುಂಟು. ಅದು ಸರಿಯಲ್ಲ. ಅವರಿಗೆ ಭಯವಿತ್ತು; ಅದನ್ನು ಹೊರಲು ಪಕ್ಕದಲ್ಲಿ ಇನ್ನೊಂದು ಹೆಗಲೂ ಇತ್ತು.

ನಾನು ನಿಮಗೆ ಇಂದು ಹೇಳಹೊರಟಿರುವುದು ಗಣಿಯ ಕಥೆಯನ್ನಲ್ಲ, ಅದೇ ನೆಲದ ಒಬ್ಬ ಮನುಷ್ಯನ ಕಥೆಯನ್ನು. ಬಂಗಾರಪೇಟೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ ಬೂದಿಕೋಟೆ ಎಂಬ ಊರಿದೆ. ಹದಿನೆಂಟನೆಯ ಶತಮಾನದಲ್ಲಿ ದಕ್ಷಿಣ ಭಾರತದಲ್ಲಿ ಇಂಗ್ಲಿಷರನ್ನು ನಡುಗಿಸಿದ ಹೈದರಲಿ ಹುಟ್ಟಿದ್ದು ಅಲ್ಲಿ, ಸುಮಾರು 1720-22ರಲ್ಲಿ. ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಮೈಸೂರಿನ ಕಮಿಷನರಾಗಿದ್ದ ಯಾವ ಬೌರಿಂಗ್ ಸಾಹೇಬರ ಹೆಸರನ್ನು ಆ ಪೇಟೆಗೆ ಇಟ್ಟರೋ ಅವರೇ ಮುಂದೆ ಹೈದರಲಿ ಮತ್ತು ಟಿಪ್ಪುವಿನ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು 1893ರಲ್ಲಿ ಹೊರತಂದರು. ನಮ್ಮ ಮಕ್ಕಳು ಪಾಠಪುಸ್ತಕದಲ್ಲಿ ಓದುವ ಹೈದರಲಿ ಕುದುರೆಯ ಮೇಲೆ ಕತ್ತಿ ಹಿರಿದು ಕುಳಿತವರು. ಆ ಕುದುರೆ ಏರುವ ಮೊದಲು ಅವರು ಏನಾಗಿದ್ದರು ಎಂಬುದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ.

ತಂದೆ ಫತೇಹ್ ಮುಹಮ್ಮದ್ ಸೈನಿಕ. ಆ ಕಾಲದ ಸೈನಿಕನೆಂದರೆ ಇಂದು ಒಬ್ಬ ನವಾಬನ ಬಳಿ, ನಾಳೆ ಇನ್ನೊಬ್ಬನ ಬಳಿ. ಆರ್ಕಾಟ್, ಮೈಸೂರು ಎಲ್ಲ ಸುತ್ತಿ ಕೊನೆಗೆ ಸಿರಾದ ಸುಬೇದಾರರ ಸೇವೆಗೆ ಸೇರಿದರು. ಸಿರಾದ ಗದ್ದುಗೆಗಾಗಿ ಇಬ್ಬರು ಹೊಡೆದಾಡಿಕೊಂಡಾಗ ತಾವು ನಂಬಿದ ಒಡೆಯನ ಪಕ್ಷದಲ್ಲಿ ನಿಂತು ಪ್ರಾಣ ಕೊಟ್ಟರು. ಹಿಂದೆ ಉಳಿದದ್ದು ಒಬ್ಬ ವಿಧವೆ ಮತ್ತು ಇಬ್ಬರು ಪುಟ್ಟ ಗಂಡುಮಕ್ಕಳು. ದೊಡ್ಡವನು ಶಹಬಾಜ್, ಚಿಕ್ಕವನು ಹೈದರ್. ಹೈದರನಿಗೆ ಆಗ ಇನ್ನೂ ಹಾಲುಹಲ್ಲು ಉದುರುವ ವಯಸ್ಸು.

ಯಜಮಾನ ಸತ್ತ ಮನೆಯ ಬಾಗಿಲಿಗೆ ಮೊದಲು ಬರುವವನು ಯಾರೆಂದು ನಿಮಗೆ ಗೊತ್ತಿದೆ. ದೊಡ್ಡಬಳ್ಳಾಪುರದ ಜಹಗೀರುದಾರ ಅಬ್ಬಾಸ್ ಕುಲಿ ಖಾನ್, ಸತ್ತವನಿಂದ ತನಗೆ ಹಣ ಬರಬೇಕೆಂದು ಲೆಕ್ಕ ತೆಗೆದ. ಮನೆಯಲ್ಲಿದ್ದುದೆಲ್ಲವನ್ನೂ ದೋಚಿದ. ಅಷ್ಟಕ್ಕೆ ತೃಪ್ತಿಯಾಗದೆ ಆ ತಾಯಿಯಿಂದ ಇನ್ನಷ್ಟು ಕಕ್ಕಿಸಲು ಮಕ್ಕಳನ್ನು ಹಿಡಿದ. ಇಬ್ಬರನ್ನೂ ಯುದ್ಧದ ದೊಡ್ಡ ನಗಾರಿಯೊಳಗೆ ತುಂಬಿ, ಮೇಲೆ ಚರ್ಮ ಬಿಗಿದು ಬಾರಿಸಿದರೆಂದು ಹಳೆಯ ವೃತ್ತಾಂತಗಳು ಹೇಳುತ್ತವೆ. ತಾಯಂದಿರೇ, ಆ ಕತ್ತಲೆಯನ್ನೂ ಆ ಸದ್ದನ್ನೂ ಒಂದು ಕ್ಷಣ ಯೋಚಿಸಿ ನೋಡಿ. ಹೊರಗೆ ನಿಂತ ಆ ಹೆಂಗಸಿನ ಕೈಯಲ್ಲಿ ಕೊಡಲು ಏನೂ ಉಳಿದಿರಲಿಲ್ಲ.

ಅವರನ್ನು ಬಿಡಿಸಿದ್ದು ಹೈದರನ ಶೌರ್ಯವಲ್ಲ. ಐದಾರು ವರ್ಷದ ಮಗುವಿಗೆ ಎಲ್ಲಿಯ ಶೌರ್ಯ? ಬಿಡಿಸಿದ್ದು ಒಬ್ಬ ಬಂಧು. ಹೈದರನ ದೊಡ್ಡಪ್ಪನ ಮಗ, ಅವನ ಹೆಸರೂ ಹೈದರ್ ಎಂದೇ, ಮೈಸೂರಿನ ಸೇವೆಯಲ್ಲಿ ಒಂದು ಸಣ್ಣ ಹುದ್ದೆಯಲ್ಲಿದ್ದ. ಚಿಕ್ಕಮ್ಮನ ಗೋಳು ಅವನ ಕಿವಿಗೆ ಬಿತ್ತು. ದೊಡ್ಡವರ ಜಗಳ ನಮಗೇಕೆಂದು ಅವನು ಸುಮ್ಮನಿರಬಹುದಿತ್ತು. ಹಾಗಿರಲಿಲ್ಲ. ತನ್ನ ಮೇಲಿನವರ ಕಾಲು ಹಿಡಿದು ಮೈಸೂರಿನ ದಳವಾಯಿಗಳಿಂದ ಸಿರಾಕ್ಕೆ ಕಾಗದ ಬರೆಸಿದ. ತಾಯಿ ಮಕ್ಕಳು ಬಿಡುಗಡೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದು ಅವನ ಆಶ್ರಯದಲ್ಲಿ ಬೆಳೆದರು. ಚರಿತ್ರೆಯ ಪುಸ್ತಕಗಳಲ್ಲಿ ಈ ಮನುಷ್ಯನಿಗೆ ಸಿಗುವುದು ಎರಡೋ ಮೂರೋ ಸಾಲು. ಅವನು ಅಂದು ತಿರುಗಾಡಿರದಿದ್ದರೆ ಉಳಿದ ಪುಟಗಳೇ ಇರುತ್ತಿರಲಿಲ್ಲ.

ಅಣ್ಣ ಶಹಬಾಜ್ ಬೆಳೆದು ಮೈಸೂರಿನ ಸೇನೆಯಲ್ಲಿ ಸಣ್ಣ ದಳಪತಿಯಾದ. ತಮ್ಮ ಏನಾದ? ಏನೂ ಆಗಲಿಲ್ಲ. ಓದು ಬರಹ ಕಲಿಯಲಿಲ್ಲ. ಇಪ್ಪತ್ತೇಳರ ವಯಸ್ಸಿನವರೆಗೂ ಬೇಟೆ, ಕಾಡು ಸುತ್ತಾಟ, ಅಣ್ಣನ ಮನೆಯ ಊಟ. ನಿಮ್ಮ ಮನೆಯಲ್ಲೂ ಅಂಥ ಒಬ್ಬ ಮಗನಿದ್ದರೆ ಇದನ್ನು ಓದಿ ಅವನ ಮೇಲೆ ಕೂಗಾಡುವುದನ್ನು ಸ್ವಲ್ಪ ಕಡಿಮೆ ಮಾಡಬಹುದು. ಶಹಬಾಜ್ ತಮ್ಮನನ್ನು ಹೊರಗೆ ಹಾಕಲಿಲ್ಲ. ನಗಾರಿಯೊಳಗೆ ಜೊತೆಯಲ್ಲಿದ್ದವರು ಅಷ್ಟು ಬೇಗ ಒಬ್ಬರನ್ನೊಬ್ಬರು ಕೈಬಿಡುವುದಿಲ್ಲವೆಂದು ನನಗೆ ಅನಿಸುತ್ತದೆ.

1749ರಲ್ಲಿ ಮೈಸೂರಿನ ಸೈನ್ಯ ದೇವನಹಳ್ಳಿಯ ಕೋಟೆಗೆ ಮುತ್ತಿಗೆ ಹಾಕಿತು. ಹೈದರಲಿ ಅಣ್ಣನ ದಳದ ಜೊತೆ ಸ್ವಂತ ಇಚ್ಛೆಯಿಂದ ಹೋದರು, ಸಂಬಳಕ್ಕಲ್ಲ. ಮುತ್ತಿಗೆ ತಿಂಗಳುಗಟ್ಟಲೆ ನಡೆಯಿತು. ಅಪಾಯದ ಜಾಗದಲ್ಲೆಲ್ಲ ಆ ಯುವಕ ಕಾಣಿಸಿಕೊಂಡದ್ದನ್ನೂ ಗೊಂದಲದಲ್ಲಿ ತಲೆ ಕೆಡಿಸಿಕೊಳ್ಳದೆ ಇದ್ದದ್ದನ್ನೂ ಸರ್ವಾಧಿಕಾರಿ ನಂಜರಾಜಯ್ಯ ಗಮನಿಸಿದರು. ಕೋಟೆ ಬಿದ್ದಾಗ ಅವರಿಗೆ 50 ಕುದುರೆ ಮತ್ತು 200 ಕಾಲಾಳುಗಳ ಅಧಿಕಾರ ದೊರೆಯಿತು. ಅದೇ ದೇವನಹಳ್ಳಿಯಲ್ಲಿ ಮರುವರ್ಷ, 1750ರ ನವೆಂಬರ್ 20ರಂದು, ಪತ್ನಿ ಫಾತಿಮಾ ಫಖ್ರುನ್ನಿಸಾ ಅವರ ಮಡಿಲಲ್ಲಿ ಟಿಪ್ಪು ಹುಟ್ಟಿದರು.

ಇಲ್ಲಿಂದ ಹೈದರಲಿಯ ಏಳಿಗೆ ವೇಗವಾಗಿ ಸಾಗಿತು: 1755ರಲ್ಲಿ ದಿಂಡಿಗಲ್ಲಿನ ಫೌಜುದಾರ, 1758ರಲ್ಲಿ ಬೆಂಗಳೂರು ಜಹಗೀರು. ಅಕ್ಷರ ಬಾರದವರು ಇಷ್ಟೆಲ್ಲವನ್ನು ಹೇಗೆ ನಡೆಸಿದರು ಎಂದು ನೀವು ಕೇಳಬಹುದು. ಅವರು ಸಹಿ ಹಾಕುತ್ತಿದ್ದುದು ತಮ್ಮ ಹೆಸರಿನ ಮೊದಲ ಅಕ್ಷರ ಹೇ ಒಂದನ್ನೇ, ಅದನ್ನೂ ತಲೆಕೆಳಗಾಗಿ. ತಮಗೆ ಬಾರದ ವಿದ್ಯೆಯನ್ನು ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಅವರು ಎಂದೂ ನಾಚಲಿಲ್ಲ. ಅವರ ನೆನಪಿನ ಶಕ್ತಿ ಅಸಾಧಾರಣವಾಗಿತ್ತು. ಕನ್ನಡ, ಮರಾಠಿ, ತೆಲುಗು, ತಮಿಳು ಎಲ್ಲವನ್ನೂ ಆಡುತ್ತಿದ್ದರು. ಬರವಣಿಗೆ ಮತ್ತು ಲೆಕ್ಕಕ್ಕೆ ಖಂಡೇರಾವ್ ಎಂಬ ಚತುರ ಬ್ರಾಹ್ಮಣರಿದ್ದರು. ಸಂಬಳ ಸಿಗದ ಸಿಪಾಯಿಗಳು ನಂಜರಾಜಯ್ಯನ ಮನೆಯ ಮುಂದೆ ಧರಣಿ ಕುಳಿತು, ಒಳಗೆ ಅನ್ನ ನೀರು ಹೋಗದಂತೆ ತಡೆದಾಗ, ಆ ಬಿಕ್ಕಟ್ಟನ್ನು ಬಿಡಿಸಿದ್ದು ಇದೇ ಜೋಡಿ. ಒಬ್ಬರು ಸಿಪಾಯಿಗಳ ನಡುವೆ ನಿಂತು ಮಾತು ಕೊಟ್ಟರು, ಇನ್ನೊಬ್ಬರು ಲೆಕ್ಕದ ಕಡತ ಬಿಚ್ಚಿ ಸುಳ್ಳು ಬಾಕಿಯನ್ನು ಕಡಿದರು. ಒಟ್ಟಿಗೆ ದುಡಿಯುವುದೆಂದರೆ ಇದೇ ತಾನೇ?

ಆ ಜೋಡಿ 1760ರಲ್ಲಿ ಮುರಿಯಿತು. ಹೈದರಲಿಯ ಬಲ ಅತಿಯಾಯಿತೆಂದು ಅರಮನೆಗೆ ಭಯ ಹುಟ್ಟಿತ್ತು. ಖಂಡೇರಾವ್ ಅರಮನೆಯ ಪಕ್ಷ ಸೇರಿದರು, ಮರಾಠರನ್ನೂ ಕರೆಸಿದರು. ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಶ್ರೀರಂಗಪಟ್ಟಣದ ಕೋಟೆಯ ಫಿರಂಗಿಗಳು ಹೊರಗಿದ್ದ ಹೈದರಲಿಯ ಬೀಡಾರದ ಕಡೆಗೇ ತಿರುಗಿ ಗುಂಡು ಕಾರಿದವು. ಅವರ ಸೈನ್ಯದ ದೊಡ್ಡ ಭಾಗ ದೂರದ ತಮಿಳು ನಾಡಿನಲ್ಲಿತ್ತು. ಹೆಂಡತಿ ಮಕ್ಕಳು ಶತ್ರುವಿನ ಕೈಗೆಟಕುವಷ್ಟು ಹತ್ತಿರದಲ್ಲಿದ್ದರು. ಟಿಪ್ಪುವಿಗೆ ಆಗ ಒಂಬತ್ತು ತುಂಬಿ ಹತ್ತು ನಡೆಯುತ್ತಿತ್ತು.

ಓದುಗರೇ, ಹೈದರಲಿಯ ಬದುಕಿನಲ್ಲಿ ಇದಕ್ಕಿಂತ ಕಠಿಣ ರಾತ್ರಿ ಇನ್ನೊಂದಿರಲಿಲ್ಲ ಎಂದು ನಾನು ತಿಳಿಯುತ್ತೇನೆ. ನಿಂತರೆ ಸಾವು. ಹೋದರೆ ಕುಟುಂಬ ಒತ್ತೆ. ತಾನು ಮಗುವಾಗಿದ್ದಾಗ ತನ್ನ ತಂದೆ ಇಲ್ಲದ ಮನೆಗೆ ಏನಾಗಿತ್ತು ಎಂಬುದು ಅವರಿಗೆ ಮರೆತಿರಲು ಸಾಧ್ಯವೇ? ಕತ್ತಲಾದ ಮೇಲೆ ಕೈಗೆ ಸಿಕ್ಕ ಸ್ವಲ್ಪ ಹಣ, ಕೆಲವು ನಂಬಿಕಸ್ಥರು, ಇಷ್ಟನ್ನೇ ಕಟ್ಟಿಕೊಂಡು ಕಾವೇರಿ ದಾಟಿದರು. ಕುಟುಂಬ ಹಿಂದೆಯೇ ಉಳಿಯಿತು. ಆನೇಕಲ್ ಮಾರ್ಗವಾಗಿ ಮರುದಿನ ಸಂಜೆಯ ಹೊತ್ತಿಗೆ ಬೆಂಗಳೂರು ತಲುಪಿದರು. ಅವರು ಬರುವ ಮೊದಲೇ ಖಂಡೇರಾವ್ ಆದೇಶ ಬೆಂಗಳೂರಿನ ಕೋಟೆಯೊಳಗೆ ಹೋಗಿದ್ದರೆ ಬಾಗಿಲು ಮುಚ್ಚಿರುತ್ತಿತ್ತು. ಕೋಟೆಯ ಅಧಿಕಾರಿ ಕಬೀರ್ ಬೇಗ್ ಹಳೆಯ ಸ್ನೇಹಿತ, ಬಾಗಿಲು ತೆರೆಯಿತು. ಬೊಕ್ಕಸ ಬರಿದಾಗಿತ್ತು. ಬೆಂಗಳೂರಿನ ಸಾಹುಕಾರರು ಅವರ ಮಾತನ್ನೇ ನಂಬಿ ಸಾಲ ಕೊಟ್ಟರು. ಸೋತು ಓಡಿ ಬಂದ, ಕೈಯಲ್ಲಿ ರಾಜ್ಯವಿಲ್ಲದ ಮನುಷ್ಯನಿಗೆ ವ್ಯಾಪಾರಿಗಳು ಹಣ ಕೊಡುತ್ತಾರೆಂದರೆ ಹಿಂದಿನ ವ್ಯವಹಾರಗಳಲ್ಲಿ ಆ ಮನುಷ್ಯ ಹೇಗಿದ್ದನೆಂದು ನೀವೇ ಊಹಿಸಿಕೊಳ್ಳಿ. ಅತ್ತ ಶ್ರೀರಂಗಪಟ್ಟಣದಲ್ಲಿ ಖಂಡೇರಾವ್ ಕೂಡ ಹೈದರಲಿಯ ಕುಟುಂಬಕ್ಕೆ ಕೇಡು ಮಾಡಲಿಲ್ಲ, ಗೌರವದಿಂದಲೇ ಇರಿಸಿದರು. ಇದನ್ನು ಹೇಳದೆ ಬಿಟ್ಟರೆ ನ್ಯಾಯವಾಗುವುದಿಲ್ಲ.

ನಂಜನಗೂಡಿನ ಬಳಿ ನಡೆದ ಕಾಳಗದಲ್ಲಿ ಹೈದರಲಿ ಮತ್ತೆ ಸೋತರು. ಆಮೇಲೆ ಮಾಡಿದ್ದು ಬಹುಶಃ ಕತ್ತಿ ಹಿಡಿಯುವುದಕ್ಕಿಂತ ಕಷ್ಟದ ಕೆಲಸ. ತಮಗೆ ಮೊದಲ ಹುದ್ದೆ ಕೊಟ್ಟು, ಕಡೆಗೆ ತಮ್ಮಿಂದಲೇ ಅಧಿಕಾರ ಕಳೆದುಕೊಂಡಿದ್ದ ನಂಜರಾಜಯ್ಯನ ಬಳಿ ಹೋಗಿ ತಲೆ ಬಾಗಿ ಕ್ಷಮೆ ಬೇಡಿದರು. ಆ ಹಿರಿಯರು ಕರಗಿದರು. ಅವರ ಹೆಸರಿನ ಬಲದಿಂದ ಹೈದರಲಿ ಒಂದು ಉಪಾಯ ಹೂಡಿದರು. ಖಂಡೇರಾವ್ ಕಡೆಯ ಅಧಿಕಾರಿಗಳು ತಮ್ಮೊಡನೆ ಒಳಸಂಚು ನಡೆಸಿರುವಂತೆ ಸುಳ್ಳು ಕಾಗದ ಬರೆಸಿ, ಅದು ಖಂಡೇರಾವ್ ಕೈಗೇ ಸಿಗುವಂತೆ ಮಾಡಿದರು. ತನ್ನವರೇ ತನ್ನನ್ನು ಹಿಡಿದುಕೊಡುತ್ತಾರೆಂದು ಹೆದರಿದ ಖಂಡೇರಾವ್ ಸೈನ್ಯ ಬಿಟ್ಟು ಓಡಿದರು. ಯುದ್ಧತಂತ್ರವೆಂದು ಇದನ್ನು ಮೆಚ್ಚುವವರಿದ್ದಾರೆ. ಜೊತೆಗಿರುವವರ ಮೇಲಿನ ನಂಬಿಕೆ ಹೋದರೆ ದೊಡ್ಡ ಸೈನ್ಯದ ನಡುವೆಯೂ ಮನುಷ್ಯ ಒಂಟಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

1761ರಲ್ಲಿ ಅಧಿಕಾರ ಹೈದರಲಿಯ ಕೈಗೆ ಬಂತು, ಕುಟುಂಬವೂ ಮರಳಿ ಸಿಕ್ಕಿತು. ಖಂಡೇರಾವ್ ಪ್ರಾಣ ಉಳಿಸಬೇಕೆಂದು ಅರಮನೆಯ ಹೆಂಗಸರು ಬೇಡಿಕೊಂಡಾಗ ಗಿಳಿಯಂತೆ ಸಾಕುವೆನೆಂದು ಒಪ್ಪಿದರು. ಆ ಮಾತನ್ನು ಅಕ್ಷರಶಃ ನಡೆಸಿದರು: ಕಬ್ಬಿಣದ ಪಂಜರದಲ್ಲಿ ಕೂಡಿ ಹಾಲು ಅನ್ನ ಕೊಡಿಸಿದರು. ಖಂಡೇರಾವ್ ಅದರಲ್ಲೇ ದಿನ ಕಳೆದರು. ನಮ್ಮ ಉಪನ್ಯಾಸಕರು ಕೆಲವರು ಇದನ್ನು ಚಾತುರ್ಯದ ಕಥೆಯಾಗಿ ನಗುತ್ತಾ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ. ನಗಾರಿಯೊಳಗೆ ಕುಳಿತಿದ್ದ ಹುಡುಗನಿಗೆ ಪಂಜರ ಎಂದರೇನೆಂದು ಬೇರೆ ಯಾರಿಗಿಂತಲೂ ಚೆನ್ನಾಗಿ ತಿಳಿದಿರಬೇಕಿತ್ತು.

ದೊಡ್ಡಬಳ್ಳಾಪುರವೂ ಅದೇ ಕಾಲದಲ್ಲಿ ಹೈದರಲಿಯ ವಶವಾಯಿತು. ಅಬ್ಬಾಸ್ ಕುಲಿ ಖಾನ್ ಕುಟುಂಬವನ್ನೂ ಬಿಟ್ಟು ಮದರಾಸಿಗೆ ಓಡಿದ. ಮುಂದೆ ಹೈದರಲಿಯ ಕುದುರೆಪಡೆ ಮದರಾಸಿನ ಹೊರವಲಯಕ್ಕೆ ಬಂತೆಂಬ ಸುದ್ದಿ ಕೇಳಿ, ಸಿಕ್ಕ ಹಳೆಯ ಹಡಗೊಂದನ್ನು ಹತ್ತಿ ಸಮುದ್ರದ ಮೇಲೆಯೇ ಇದ್ದು, ಆ ಪಡೆ ಘಟ್ಟ ಹತ್ತಿ ಹೋಯಿತೆಂದು ಖಚಿತವಾಗುವವರೆಗೂ ನೆಲಕ್ಕೆ ಕಾಲಿಡಲಿಲ್ಲವೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾರೆ. ಮಕ್ಕಳನ್ನು ಹೆದರಿಸಿದವನು ಮುದಿತನದಲ್ಲಿ ಅಲೆಗಳ ಮೇಲೆ ನಡುಗುತ್ತಾ ಕುಳಿತ.

ಇಂಗ್ಲಿಷರೊಂದಿಗಿನ ಮೊದಲ ಯುದ್ಧ 1767ರಿಂದ 1769ರವರೆಗೆ ನಡೆಯಿತು. ಅದರ ಒಂದು ಘಟನೆ ಕೋಲಾರ ಸೀಮೆಯದೇ ಆದ್ದರಿಂದ ಹೇಳುತ್ತೇನೆ. 1768ರ ಅಕ್ಟೋಬರಿನಲ್ಲಿ ಮುಳಬಾಗಿಲಿನ ಬಂಡೆಗಳ ನಡುವೆ ಕರ್ನಲ್ ವುಡ್‌ನ ಪಡೆ ಹೈದರಲಿಯ ಕೈಗೆ ಸಿಕ್ಕಿಬಿದ್ದಿತ್ತು. ಇನ್ನೇನು ಮುಗಿಯಿತು ಎನ್ನುವಾಗ ಬ್ರೂಕ್ ಎಂಬ ಕ್ಯಾಪ್ಟನ್ ಎರಡು ತೋಪುಗಳನ್ನು ಬಂಡೆಯ ಮೇಲಕ್ಕೆ ಎಳೆಸಿ, ದೊಡ್ಡ ಸೇನಾಪತಿ ಸ್ಮಿತ್‌ನ ಹೆಸರನ್ನು ತನ್ನವರಿಂದ ಜೋರಾಗಿ ಕೂಗಿಸಿದ. ಸ್ಮಿತ್ ಬಂದನೆಂದು ಮೈಸೂರಿನ ಸೈನಿಕರು ಗಾಬರಿಯಾದರು, ವುಡ್‌ನ ಸೈನಿಕರು ಚೇತರಿಸಿಕೊಂಡರು. ಸ್ಮಿತ್ ಅಲ್ಲಿರಲೇ ಇಲ್ಲ. ಒಂದೇ ಹೆಸರು ಒಂದು ಕಡೆ ಧೈರ್ಯವಾಗಿ, ಇನ್ನೊಂದು ಕಡೆ ಭಯವಾಗಿ ಹಬ್ಬಿತು. ಹೈದರಲಿ ಅಂದಿನ ಗೆಲುವನ್ನು ಕಳೆದುಕೊಂಡರೂ ಎದೆಗುಂದಲಿಲ್ಲ. 1769ರ ಮಾರ್ಚಿನಲ್ಲಿ 6000 ಕುದುರೆಗಳೊಂದಿಗೆ ಮೂರೂವರೆ ದಿನಗಳಲ್ಲಿ 130 ಮೈಲಿ ಸಾಗಿ ಮದರಾಸಿನ ಬಾಗಿಲಲ್ಲಿ ನಿಂತರು. ಏಪ್ರಿಲಿನಲ್ಲಿ ಇಂಗ್ಲಿಷರು ಸಂಧಿಗೆ ಸಹಿ ಹಾಕಿದರು.

ರಣರಂಗದ ಮಾತು ಸಾಕು. ತಂದೆ ಮಗನ ಒಂದು ಸಂಗತಿಗೆ ಬರೋಣ. 1771ರ ಮಾರ್ಚಿನಲ್ಲಿ ಮರಾಠರ ದೊಡ್ಡ ಸೈನ್ಯ ಬೆನ್ನಟ್ಟಿ ಬಂದಾಗ ಹೈದರಲಿ ಮೇಲುಕೋಟೆಯ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ರಾತ್ರಿಯೇ ಹಿಮ್ಮೆಟ್ಟಲು ಹೊರಟರು. ಚಿನಕುರಳಿಯ ಬಳಿ ಎಲ್ಲವೂ ಗೊಂದಲವಾಯಿತು. ಅಂದು ಹೈದರಲಿ ಕುಡಿದಿದ್ದರೆಂದೂ, ತಡವಾಗಿ ಬಂದ ಟಿಪ್ಪುವನ್ನು ಎಲ್ಲರೆದುರು ಬೈದು ಹೊಡೆದರೆಂದೂ ವಿಲ್ಕ್ಸ್ ಬರೆದಿದ್ದಾರೆ. ಶತ್ರುವಿನ ಪಕ್ಷದವರು ಬರೆದದ್ದೆಂದು ಇದನ್ನು ತಳ್ಳಿಹಾಕಬಹುದು. ಆದರೆ ಹೊರಗಿನ ಹೆದರಿಕೆಯನ್ನೆಲ್ಲ ಮನೆಯವರ ಮೇಲೆ ಕಾರುವ ತಂದೆಯನ್ನು ನಾವು ಕಂಡಿಲ್ಲವೇ? ಇಪ್ಪತ್ತರ ಹರೆಯದ ಟಿಪ್ಪು ಪೇಟ ಕಿತ್ತೆಸೆದು, ಅಂದು ಕತ್ತಿ ಹಿಡಿಯುವುದಿಲ್ಲವೆಂದು ಆಣೆ ಮಾಡಿದರಂತೆ. ಸೈನ್ಯ ಚದುರಿಹೋಯಿತು. ಹೈದರಲಿ ಪ್ರಾಣ ಉಳಿಸಿಕೊಂಡು ಶ್ರೀರಂಗಪಟ್ಟಣದ ಹೊರಗಿನ ದರ್ಗಾ ಒಂದನ್ನು ತಲುಪಿದರು. ಮಗ ಸತ್ತನೆಂದೇ ಅವರ ಎಣಿಕೆ. ಕೋಟೆಯೊಳಗೆ ಹೋಗಲು ಅವರಿಗೆ ಮನಸ್ಸಾಗಲಿಲ್ಲ. ಮನೆಗೆ ಹೋಗಿ ಫಾತಿಮಾ ಅವರಿಗೆ ಏನೆಂದು ಹೇಳುವುದು? ಅಲ್ಲಿಯೇ ಕುಳಿತು ಕಾದರು. ಕೊನೆಗೆ ಫಕೀರನ ವೇಷದಲ್ಲಿ ಶತ್ರುಗಳ ನಡುವೆಯೇ ನುಸುಳಿಕೊಂಡು ಒಬ್ಬ ಗೆಳೆಯನ ಜೊತೆ ಟಿಪ್ಪು ಬಂದು ಎದುರು ನಿಂತರು. ಅಂದಿನಿಂದ ಸೈನ್ಯದ ಕಷ್ಟದ ಕೆಲಸಗಳನ್ನು ತಂದೆ ಹೆಚ್ಚುಹೆಚ್ಚಾಗಿ ಮಗನಿಗೇ ವಹಿಸುತ್ತಾ ಬಂದರು.

ಆಡಳಿತದಲ್ಲಿ ಹೈದರಲಿ ಮೃದುವಾಗಿರಲಿಲ್ಲ. 1779ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಜರ್ಮನ್ ಪಾದ್ರಿ ಶ್ವಾರ್ಟ್ಜ್, ಹೈದರಲಿಯ ಕೆಲಸದ ವೇಗವನ್ನೂ ನ್ಯಾಯದಲ್ಲಿ ಮತಭೇದ ಮಾಡದ್ದನ್ನೂ ಕಂಡು ಬೆರಗಾದರು. ಅದರ ಜೊತೆಗೆ ಇನ್ನೂರು ಮಂದಿ ಚಾವಟಿ ಹಿಡಿದು ಸದಾ ಸಿದ್ಧರಿರುವುದನ್ನೂ, ದೊಡ್ಡ ಅಧಿಕಾರಿಗಳೂ ಏಟು ತಿನ್ನುವುದನ್ನೂ ಕಂಡು ಬರೆದರು. ಭಯದಿಂದ ಬೇಗ ಕೆಲಸವಾಗುತ್ತದೆ ನಿಜ. ಯಾರಿಗೆ ಹೊಡೆಯುತ್ತೇವೋ ಅವರು ನಾವು ಬಿದ್ದಾಗ ಹಿಡಿಯುತ್ತಾರೆಯೇ ಎಂಬುದು ಬೇರೆ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೈದರಲಿಯ ಮರಣದ ದಿನ, ಮತ್ತು ಆ ಉತ್ತರ ನಾನು ನಿರೀಕ್ಷಿಸಿದಂತಿಲ್ಲ.

1780ರಲ್ಲಿ ಎರಡನೆಯ ಯುದ್ಧ ಶುರುವಾಗಿತ್ತು. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನಾಶವಾಯಿತು. ಮರುವರ್ಷ ಪೋರ್ಟೊ ನೋವೊದಲ್ಲಿ ಹೈದರಲಿ ಸೋತರು. 1782ರ ಕೊನೆಗೆ ಅವರ ಬೆನ್ನಿನ ಮೇಲೆ ಎದ್ದಿದ್ದ ದೊಡ್ಡ ಹುಣ್ಣು ವಾಸಿಯಾಗದ ಸ್ಥಿತಿಗೆ ಬಂತು. ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರ ನರಸಿಂಗರಾಯನಪೇಟೆಯ ಶಿಬಿರದಲ್ಲಿ ಕೊನೆಯುಸಿರೆಳೆದರು. ಸೈನ್ಯ ಶತ್ರುವಿನ ನೆಲದಲ್ಲಿತ್ತು. ಟಿಪ್ಪು ನೂರಾರು ಮೈಲಿ ದೂರ, ಮಲಬಾರಿನ ಪೊನ್ನಾನಿಯ ಬಳಿ ಇಂಗ್ಲಿಷರೊಡನೆ ಕಾದಾಡುತ್ತಿದ್ದರು. ಸುದ್ದಿ ಹೊರಬಿದ್ದರೆ ಸಾವಿರಾರು ಜನರ ಆ ಶಿಬಿರ ಒಂದೇ ರಾತ್ರಿಯಲ್ಲಿ ಚೂರಾಗುತ್ತಿತ್ತು.

ಆಗ ಕೆಲವು ಮಂದಿ ಒಟ್ಟಿಗೆ ಕುಳಿತು ನಿರ್ಧರಿಸಿದರು. ಲೆಕ್ಕಪತ್ರದ ಪೂರ್ಣಯ್ಯ, ಖಜಾನೆಯ ಕೃಷ್ಣರಾವ್, ಹಿರಿಯ ಮುಸ್ಲಿಂ ಸರದಾರರು. ಅವರಲ್ಲಿ ಯಾರೊಬ್ಬರು ಬಾಯಿ ಬಿಟ್ಟಿದ್ದರೂ ಇಂಗ್ಲಿಷರಿಂದ ಕೈತುಂಬ ಹಣ ಸಿಗುತ್ತಿತ್ತು. ಯಾರೂ ಬಿಡಲಿಲ್ಲ. ದೇಹವನ್ನು ಸುಗಂಧದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಬೆಲೆಬಾಳುವ ಖಜಾನೆ ಸಾಗಿಸುವಂತೆ ಕಾವಲಿನೊಂದಿಗೆ ರಾತ್ರಿ ಕಳುಹಿಸಿದರು. ಶಿಬಿರದಲ್ಲಿ ಎಂದಿನ ವ್ಯವಹಾರ ನಡೆಯಿತು. ನವಾಬರಿಗೆ ಮೈ ಸರಿಯಿಲ್ಲವೆಂದಷ್ಟೇ ಹೇಳಿದರು. ಹೈದರಲಿಯ ಬಂಧುವೇ ಆದ ಒಬ್ಬ ದಳಪತಿ, ಟಿಪ್ಪುವಿನ ತಮ್ಮ ಅಬ್ದುಲ್ ಕರೀಮನನ್ನು ಗದ್ದುಗೆಗೆ ಏರಿಸಲು ಸಂಚು ಮಾಡಿದಾಗ ಅವನನ್ನು ಸದ್ದಿಲ್ಲದೆ ಹಿಡಿದು ಬಂಧಿಸಿದರು. ವೇಗದ ಸವಾರರು ಕೆಲವೇ ದಿನಗಳಲ್ಲಿ ಟಿಪ್ಪುವನ್ನು ತಲುಪಿದರು. 1783ರ ಜನವರಿಯ ಮೊದಲ ದಿನಗಳಲ್ಲಿ ಟಿಪ್ಪು ಶಿಬಿರಕ್ಕೆ ಬಂದಾಗ ಇಡೀ ಸೈನ್ಯ ಒಂದಾಗಿಯೇ ಇತ್ತು. ಚಾವಟಿ ಹಿಡಿಸಿದ ಯಜಮಾನ ಇಲ್ಲವಾದ ಮೇಲೆ, ಹೆದರಿಸುವವರು ಯಾರೂ ಇಲ್ಲದಾಗ, ಈ ಜನ ಹೀಗೆ ನಡೆದುಕೊಂಡರು. ಖಂಡೇರಾವ್ ಹೋದ ಬಳಿಕ ಹೈದರಲಿ ಮತ್ತೆ ಒಬ್ಬ ಬ್ರಾಹ್ಮಣನ ಕೈಗೆ ಲೆಕ್ಕಪತ್ರ ಒಪ್ಪಿಸಲು ಹೆದರಬಹುದಿತ್ತು. ಒಮ್ಮೆ ಮೋಸ ಹೋದವರು ಸಾಮಾನ್ಯವಾಗಿ ಹಾಗೆಯೇ ಮಾಡುತ್ತಾರೆ. ಅವರು ಪೂರ್ಣಯ್ಯನನ್ನು ನಂಬಿದ್ದರು.

ಆ ಪೆಟ್ಟಿಗೆ ರಾತ್ರಿ ಹೊರಟು ಬಂದದ್ದು ಕೋಲಾರಕ್ಕೆ. ಫತೇಹ್ ಮುಹಮ್ಮದ್ ಅವರ ಕಬರ್ ಇರುವ ಮಕ್ಬರಾ ಇಂದಿಗೂ ಕೋಲಾರ ಪಟ್ಟಣದಲ್ಲಿದೆ. ತಂದೆಯನ್ನು ಕಳೆದುಕೊಂಡು ಐವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ ಆ ಮಗನ ದೇಹವನ್ನು ತಂದು ಅಲ್ಲಿ ತಂದೆಯ ಪಕ್ಕದಲ್ಲಿ ಇರಿಸಿದರು. ಬೂದಿಕೋಟೆ ಅಲ್ಲಿಂದ ಅರ್ಧ ದಿನದ ಕುದುರೆಯ ದಾರಿಯೂ ಅಲ್ಲ. ಕೆಲಕಾಲದ ನಂತರ ಟಿಪ್ಪು ಅದನ್ನು ಶ್ರೀರಂಗಪಟ್ಟಣಕ್ಕೆ ತರಿಸಿ, ಲಾಲ್‌ಬಾಗಿನಲ್ಲಿ ಕಟ್ಟಿಸಿದ ಗುಂಬಜಿನಲ್ಲಿ ದಫನ್ ಮಾಡಿಸಿದರು. ಫಾತಿಮಾ ಅವರ ಕಬರ್ ಅದೇ ಗುಂಬಜಿನೊಳಗೆ ಪತಿಯ ಒಂದು ಪಕ್ಕದಲ್ಲಿದೆ. ಇನ್ನೊಂದು ಪಕ್ಕಕ್ಕೆ 1799ರ ಮೇ ತಿಂಗಳಲ್ಲಿ ಟಿಪ್ಪು ಬಂದರು.